ಗಾಜಲ್ಲದ ಗಾಜು

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೈಕಿನ ಹತ್ತಿರ ಬಂದು ಹೆಲ್ಮೆಟ್ ಕೈಗೆತ್ತಿಕೊಂಡವನು ಹಾಗೆಯೇ ನಿಂತುಬಿಟ್ಟೆ. ವಿಂಡ್‌ಶೀಲ್ಡಿನ ಮೈತುಂಬ ಹಸಿರು ಧೂಳು. ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದರಿಂದ ಮರದಿಂದಲೇ ಏನೋ ಉದುರಿರಬೇಕು ಎಂದುಕೊಂಡು ಬೆರಳಿನಿಂದ ಸವರಿದೆ. ಬರಲಿಲ್ಲ. ಉಪ್ಪುಕಾಗದದ ಮೇಲೆ ಕೈಯಾಡಿಸಿದ ಹಾಗೆ ತರಿತರಿಯಾಗಿತ್ತು. ಬಗ್ಗಿ ನೋಡಿದರೆ ಸಾಸಿವೆಗಿಂತ ಚಿಕ್ಕದಾದ ನೂರಾರು ಹಸಿರು ಚುಕ್ಕೆಗಳು, ನಡುನಡುವೆ ಕೆನೆ ಬಣ್ಣದ ದೊಡ್ಡ ಹನಿಗಳು, ಎಡಭಾಗದ ಮೇಲಂಚಿನಿಂದ ಒಂದು ಅಂಗುಲ ಕೆಳಗೆ ಇಳಿದು ನಿಂತಿದ್ದ ಒಂದು ದಪ್ಪನೆಯ ಹಸಿರು ಗೆರೆ.

ಪಕ್ಕದ ಮನೆಯಲ್ಲಿ ಮದುವೆಯ ತಯಾರಿ ನಡೆದಿತ್ತು. ಕಾಂಪೌಂಡ್ ಗೋಡೆಗೆ ರೋಲರಿನಲ್ಲಿ ಕೆನೆ ಬಣ್ಣ ಎಳೆಯುತ್ತಿದ್ದರು, ಕಬ್ಬಿಣದ ಗೇಟಿಗೆ ಕಂಪ್ರೆಸರ್ ಇಟ್ಟು ಕಡು ಹಸಿರು ಹೊಡೆಯುತ್ತಿದ್ದರು. ಗಾಳಿ ಶಾಲೆಯ ಕಡೆಗೆ ಬೀಸಿದೆ. ಯಾರದ್ದೂ ತಪ್ಪೆನ್ನುವಂತಿಲ್ಲ. ಬಣ್ಣದ ಕೆಲಸದ ಹುಡುಗನೊಬ್ಬ ನನ್ನ ಮುಖ ನೋಡಿ ಗಾಬರಿಯಾಗಿ, ಡಬ್ಬದಲ್ಲಿದ್ದ ಥಿನ್ನರಿನಲ್ಲಿ ಬಟ್ಟೆ ಅದ್ದಿಕೊಂಡು ಓಡಿಬಂದ. "ಒಂದು ನಿಮಿಷ ಸರ್, ಒರೆಸಿಕೊಡುತ್ತೇನೆ."

ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಏಣಿಯ ಮೇಲಿದ್ದ ಹಿರಿಯ ಪೇಂಟರ್ ಅಲ್ಲಿಂದಲೇ ಗದರಿದರು. ಕೆಳಗಿಳಿದು ಬಂದು ಹುಡುಗನ ಕೈಯಿಂದ ಬಟ್ಟೆ ಕಿತ್ತುಕೊಂಡು, ವಿಂಡ್‌ಶೀಲ್ಡಿಗೆ ಉಗುರಿನಿಂದ ಎರಡು ಸಲ ತಟ್ಟಿದರು. ಟಕ್ ಟಕ್ ಎಂದು ಮೊಂಡು ಸದ್ದು ಬಂತು. "ಕೇಳಿದೆಯಾ? ಇದು ಗಾಜಲ್ಲ. ಥಿನ್ನರ್ ಮುಟ್ಟಿಸಿದರೆ ಮೇಷ್ಟ್ರ ಗ್ಲಾಸು ಹಾಲಾಗುತ್ತದೆ."

ಹಾಲಾಗುತ್ತದೆ. ಎಂತಹ ಸರಿಯಾದ ಮಾತು. ಹಾಳಾಗುವುದನ್ನು ಅವರು ಹೇಳಿದ್ದಲ್ಲ, ಹಾಲಿನಂತೆ ಬೆಳ್ಳಗಾಗುವುದನ್ನು ಹೇಳಿದ್ದು. ನನಗೆ ಅದು ಗೊತ್ತಿತ್ತು, ಏಕೆಂದರೆ ಎಂಟು ವರ್ಷದ ಹಿಂದೆ ನಾನೇ ನನ್ನ ಕೈಯಾರೆ ಒಂದು ವಿಂಡ್‌ಶೀಲ್ಡನ್ನು ಹಾಲು ಮಾಡಿದ್ದೆ.

ಆಗ ನನ್ನ ಬೈಕಿಗೆ ಎತ್ತರದ, ಎದೆಯಿಂದ ಹಣೆಯವರೆಗೆ ಮುಚ್ಚುವ ವಿಂಡ್‌ಶೀಲ್ಡ್ ಇತ್ತು. ತೀರ್ಥಹಳ್ಳಿಯಲ್ಲಿ ಕೆಲಸ, ಘಟ್ಟದ ಕೆಳಗೆ ಹೆಬ್ರಿಯ ಹತ್ತಿರ ಅಮ್ಮ. ವಾರಕ್ಕೊಮ್ಮೆ ಆಗುಂಬೆ ಇಳಿದು ಹತ್ತುವವನಿಗೆ ಮಳೆ ಗಾಳಿಯಿಂದ ಎದೆ ಉಳಿಸಿಕೊಳ್ಳುವುದು ಶೋಕಿಯಲ್ಲ. ಜೂನ್ ಬಂತೆಂದರೆ ಆ ಹದಿನಾಲ್ಕು ತಿರುವುಗಳಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಎದುರಿನಿಂದ ಬರುತ್ತದೆ. ವಿಂಡ್‌ಶೀಲ್ಡ್ ಹಾಕಿಸಿದ ಮೊದಲ ಮಳೆಗಾಲದಲ್ಲಿ ಅಂಗಿಯ ಗುಂಡಿಗಳ ಸಾಲು ಒಣಗಿದ್ದ ಸ್ಥಿತಿಯಲ್ಲಿ ಅಮ್ಮನ ಮನೆ ತಲುಪಿದ ದಿನ ನನಗೆ ಈಗಲೂ ನೆನಪಿದೆ.

ಆ ವಿಂಡ್‌ಶೀಲ್ಡಿನ ಮೇಲೆ ಬಿದ್ದದ್ದು ಒಂದೇ ಒಂದು ಹನಿ, ಕಿಟಕಿಯ ಸರಳಿಗೆ ಬಳಿಯುತ್ತಿದ್ದ ಕೆಂಪು ಬಣ್ಣದ್ದು. ಹುಣಸೆ ಬೀಜದಷ್ಟಿತ್ತು. ಮನೆಯ ಕಿಟಕಿ ಗಾಜಿನ ಮೇಲೆ ಬಣ್ಣ ಬಿದ್ದರೆ ನಾವು ಏನು ಮಾಡುತ್ತೇವೆ? ಥಿನ್ನರಿನಲ್ಲಿ ಒರೆಸುತ್ತೇವೆ, ಬರದಿದ್ದರೆ ಬ್ಲೇಡಿನಿಂದ ಕೆರೆಯುತ್ತೇವೆ. ಗಾಜಿಗೆ ಏನೂ ಆಗುವುದಿಲ್ಲ. ಗ್ಯಾರೇಜಿನವರೆಲ್ಲ ಇದನ್ನೂ "ಮುಂದಿನ ಗ್ಲಾಸು" ಎಂದೇ ಕರೆಯುತ್ತಾರೆ. ನಾನೂ ಗಾಜನ್ನು ಒರೆಸುವ ಹಾಗೆಯೇ ಒರೆಸಿದೆ.

ಬಟ್ಟೆ ಮೂರನೆಯ ಸಲ ಆಡುವಾಗ ಜಾರುವುದು ನಿಂತು ಅಂಟಿಕೊಂಡಂತಾಯಿತು. ಕೆಂಪು ಹೋಗಿತ್ತು. ಅದರ ಜಾಗದಲ್ಲಿ ಅಂಗೈ ಅಗಲದಷ್ಟು ಮಂಜು. ಅದು ಮೇಲೆ ಕೂತ ಮಂಜಲ್ಲ, ಒಳಗಿನಿಂದ ಎದ್ದ ಮಂಜು. ಮೆತ್ತಗಾಗಿದ್ದ ಮೈಯಲ್ಲಿ ಬಟ್ಟೆಯ ಹತ್ತಿಯ ಎಳೆಗಳು ಸಿಕ್ಕಿಕೊಂಡು, ಒಣಗಿದ ಮೇಲೆ ಅಲ್ಲಿಯೇ ಉಳಿದವು. ಒದ್ದೆ ಬಟ್ಟೆಯಿಂದ ಒರೆಸಿದರೆ ಮಂಜು ಕ್ಷಣ ಮಾಯವಾಗುತ್ತಿತ್ತು, ನೀರು ಆರಿದೊಡನೆ ಮತ್ತೆ ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮಂಜಿನ ಅಂಚಿನಿಂದ ಕೂದಲೆಳೆಯಂಥ ಬಿರುಕುಗಳು ಹೊರಟು, ಸ್ಕ್ರೂ ಇದ್ದ ತೂತಿನವರೆಗೂ ಹೋದವು.

ಹಗಲಿನಲ್ಲಿ ಅದರ ತೊಂದರೆ ಅಷ್ಟಾಗಿ ತಿಳಿಯಲಿಲ್ಲ. ಒಂದು ಭಾನುವಾರ ಅಮ್ಮನ ಮನೆಯಿಂದ ಹೊರಡುವುದು ತಡವಾಗಿ, ಸೋಮೇಶ್ವರ ದಾಟಿ ಘಟ್ಟ ಹತ್ತುವಾಗ ಕತ್ತಲಾಗಿತ್ತು. ಏಳೆಂಟು ತಿರುವು ಆದ ಮೇಲೆ ಮೇಲಿನಿಂದ ಒಂದು ಮಿನಿ ಬಸ್ಸು ಇಳಿದು ಬಂತು. ಅದರ ಎರಡು ದೀಪ ನನ್ನ ವಿಂಡ್‌ಶೀಲ್ಡಿಗೆ ತಾಗಿದ ಕ್ಷಣ ಇಡೀ ರಸ್ತೆ ಮಾಯವಾಯಿತು. ಪ್ರತಿಯೊಂದು ಬಿರುಕೂ ಒಂದೊಂದು ದೀಪವಾಗಿ ಹೊತ್ತಿಕೊಂಡಿತು. ಜೇಡರ ಬಲೆಗೆ ಬೆಂಕಿ ಬಿದ್ದ ಹಾಗೆ. ಎಡಕ್ಕೆ ಬಂಡೆಯೋ ಬಲಕ್ಕೆ ಕಣಿವೆಯೋ ಯಾವುದೂ ಕಾಣದೆ ಬ್ರೇಕ್ ಹಿಡಿದು ನಿಂತೆ. ಬಸ್ಸಿನ ಡ್ರೈವರ್ ಹಾರನ್ ಹೊಡೆದು ನಿಧಾನಕ್ಕೆ ಪಕ್ಕದಿಂದ ದಾಟಿಹೋದರು.

ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಅಮ್ಮನ ಮಾತು. ಕೆಲವು ತಿಂಗಳಿಂದ ಅವರು ಹೇಳುತ್ತಲೇ ಇದ್ದರು: "ದೀಪಕ್ಕೆಲ್ಲ ಮೀಸೆ ಬಂದಿದೆ ಮಗನೇ. ದೇವರ ಮುಂದೆ ಹಚ್ಚಿದ್ದು ಒಂದು ಬತ್ತಿ, ಕಾಣುವುದು ಹತ್ತು." ನಾನು ವಯಸ್ಸಾಯಿತು, ಕನ್ನಡಕದ ನಂಬರ್ ಬದಲಾಗಿರಬೇಕು ಎಂದು ಹೇಳಿ ಸುಮ್ಮನಾಗಿದ್ದೆ. ಅವರು ಏನನ್ನು ನೋಡುತ್ತಿದ್ದರು ಎಂಬುದು ಆ ತಿರುವಿನಲ್ಲಿ ನನ್ನ ಕಣ್ಣಿಗೇ ಕಂಡಿತು. ಮುಂದಿನ ವಾರವೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ನಾನು ಕನ್ನಡ ಕಲಿಸುವವನು. ಗಾಜು ಎಂಬ ನಮ್ಮ ಮಾತನ್ನು ಸಂಸ್ಕೃತದ ಕಾಚ ಎಂಬುದರ ತದ್ಭವ ಎಂದು ಮಕ್ಕಳಿಗೆ ಬರೆಸುತ್ತೇನೆ. ಅದೇ ಕಾಚ ಎಂಬುದು ಆಯುರ್ವೇದದಲ್ಲಿ ಒಂದು ಕಣ್ಣಿನ ರೋಗದ ಹೆಸರೂ ಹೌದು: ದೃಷ್ಟಿ ಮಂದವಾಗುತ್ತ ಹೋಗುವುದನ್ನು ತಿಮಿರ, ಕಾಚ, ಲಿಂಗನಾಶ ಎಂದು ಹಂತ ಹಂತವಾಗಿ ಹೇಳುತ್ತಾರೆ. ಒಂದೇ ಪದದೊಳಗೆ ತೋರಿಸುವ ಗಾಜೂ ಇದೆ, ಕಾಣದಂತೆ ಮಾಡುವ ರೋಗವೂ ಇದೆ. ಇದನ್ನು ನಾನು ಓದಿ ತಿಳಿದಿದ್ದೆ, ಆದರೆ ಅದರ ಅರ್ಥ ಮುಟ್ಟಿದ್ದು ಅಮ್ಮನ ಪಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ.

ಅಜ್ಜಿಯ ಕಾಲಕ್ಕೆ ಪೊರೆ ತೆಗೆಸಿಕೊಂಡವರು ದಪ್ಪ ಕನ್ನಡಕ ಹಾಕಿಕೊಳ್ಳಬೇಕಿತ್ತು. ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರಿಗೆ ಕಣ್ಣು ಕೊಟ್ಟ ಡಾ. ಎಂ. ಸಿ. ಮೋದಿಯವರ ಹೆಸರನ್ನು ಅಜ್ಜಿ ದೇವರ ಹೆಸರಿನ ಜೊತೆಗೇ ಹೇಳುತ್ತಿದ್ದರು. ಆಗ ಕಣ್ಣಿನ ಮಸೂರವನ್ನು ತೆಗೆದರೆ ಒಳಗೆ ಬೇರೆಯದನ್ನು ಇಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ, ತೆಗೆದದ್ದರ ಕೆಲಸವನ್ನು ಕನ್ನಡಕವೇ ಮಾಡಬೇಕಿತ್ತು. ಅಮ್ಮನಿಗೆ ಹಾಗಾಗಲಿಲ್ಲ. ಎಡಗಣ್ಣಿಗೆ, ಆರು ತಿಂಗಳು ಬಿಟ್ಟು ಬಲಗಣ್ಣಿಗೆ ಒಳಗೇ ಮಸೂರ ಕೂರಿಸಿದರು. ಕೊಟ್ಟ ಚೀಟಿಯ ಮೇಲೆ ಮಸೂರದ ಶಕ್ತಿ ಎಷ್ಟು, ಯಾವ ವಸ್ತುವಿನದು ಎಂದೆಲ್ಲ ಬರೆದಿತ್ತು. ವಸ್ತು: ಪಿಎಂಎಂಎ.

ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಡಂ ಅವರಿಗೆ ಆ ಚೀಟಿ ತೋರಿಸಿದಾಗ ಅವರು ಹೇಳಿದ್ದು ಕೇಳಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಿಎಂಎಂಎ ಎಂದರೆ ಅಕ್ರಿಲಿಕ್. ನನ್ನ ಹಾಳಾದ ವಿಂಡ್‌ಶೀಲ್ಡ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೂ ಅಕ್ರಿಲಿಕ್ ಎಂದೇ ಬರೆದಿತ್ತು. ಜರ್ಮನಿಯ ಓಟೋ ರೋಮ್ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವಸ್ತು ಇದು. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಪೈಲಟ್ ಕೂರುವ ಜಾಗದ ಮೇಲ್ಮುಚ್ಚಿಗೆ ಇದನ್ನೇ ಬಳಸುತ್ತಿದ್ದರು. ಗುಂಡು ತಾಗಿ ಅದು ಒಡೆದಾಗ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕವು. ಹ್ಯಾರಲ್ಡ್ ರಿಡ್ಲಿ ಎಂಬ ಇಂಗ್ಲೆಂಡಿನ ಕಣ್ಣಿನ ವೈದ್ಯರು ಆ ಚೂರುಗಳು ಕಣ್ಣಿನೊಳಗೆ ಯಾವ ಕೆರಳಿಕೆಯನ್ನೂ ಮಾಡದೆ ಸುಮ್ಮನಿರುವುದನ್ನು ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಅದೇ ವಸ್ತುವಿನ ಮಸೂರವನ್ನು ಒಬ್ಬ ರೋಗಿಯ ಕಣ್ಣಿನಲ್ಲಿ ಇಟ್ಟರು. ಮುಂದೆ 1992ರಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಆರೊಲ್ಯಾಬ್ ಕಟ್ಟಿ ಇಂಥ ಮಸೂರಗಳನ್ನು ಕಡಿಮೆ ಬೆಲೆಗೆ ನಮ್ಮಲ್ಲೇ ಮಾಡತೊಡಗಿದ ಮೇಲೆ ಅದು ಅಮ್ಮನಂಥವರ ಕೈಗೆಟುಕಿತು. ಯಾವುದನ್ನು ನಾನು ಹರಕು ಬಟ್ಟೆ, ಥಿನ್ನರ್ ಹಿಡಿದು ಉಜ್ಜಿದೆನೋ ಅದೇ ವಸ್ತುವಿನ ಮೂಲಕ ಅಮ್ಮ ಈಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ.

ಅಂದಿನಿಂದ ನಾನು ಇದನ್ನು ಗ್ಲಾಸು ಎಂದು ಕರೆಯುವುದನ್ನು ಬಿಟ್ಟಿದ್ದೇನೆ.

ಥಿನ್ನರ್ ಒಂದು ಹನಿ ಇಷ್ಟೆಲ್ಲ ಏಕೆ ಮಾಡುತ್ತದೆ ಎಂಬುದನ್ನೂ ಮೇಡಂ ಅವರೇ ತೋರಿಸಿಕೊಟ್ಟರು. ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಎರಡು ಪಾರದರ್ಶಕ ಸ್ಕೇಲ್ ತರಿಸಿದರು. ಒಂದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಒಂದು ಹನಿ ಥಿನ್ನರ್ ಬಿಟ್ಟರು. ಹನಿ ಬಿದ್ದ ಜಾಗ ಸ್ವಲ್ಪ ಮಬ್ಬಾಯಿತು, ಅಷ್ಟೆ. ಇನ್ನೊಂದನ್ನು ಬಿಲ್ಲಿನಂತೆ ಬಾಗಿಸಿ ಹಿಡಿದು, ಉಬ್ಬಿದ ಕಡೆಗೆ ಅಷ್ಟೇ ಹನಿ ಬಿಟ್ಟರು. ನಾವು ನೋಡುತ್ತಿದ್ದ ಹಾಗೆಯೇ ಸ್ಕೇಲಿನ ಅಡ್ಡಕ್ಕೆ ಸಣ್ಣ ಸಣ್ಣ ಬಿರುಕುಗಳು ಮೂಡಿ, ಪಟ್ ಎಂದು ಎರಡು ತುಂಡಾಯಿತು. ಬಾಗಿಸಿದ ಕೈ ಜೋರು ಮಾಡಿರಲಿಲ್ಲ.

"ಪ್ಲಾಸ್ಟಿಕ್ಕಿನ ಒಳಗೆ ಉದ್ದುದ್ದ ಸರಪಣಿಗಳು ಒಂದಕ್ಕೊಂದು ಹೆಣೆದುಕೊಂಡು ಇರುತ್ತವೆ ಸರ್. ಎಳೆತದಲ್ಲಿರುವಾಗ ಥಿನ್ನರ್ ಒಳಗೆ ಹೊಕ್ಕರೆ ಹೆಣಿಗೆ ಸಡಿಲವಾಗಿ ಸರಪಣಿಗಳು ಜಾರುತ್ತವೆ. ನಿಮ್ಮ ವಿಂಡ್‌ಶೀಲ್ಡ್ ಯಾವಾಗಲೂ ಎಳೆತದಲ್ಲೇ ಇರುತ್ತದೆಯಲ್ಲವೇ? ಬಗ್ಗಿಸಿ ಮಾಡಿದ್ದು, ಮೇಲೆ ಸ್ಕ್ರೂ ಬಿಗಿದದ್ದು."

ಆ ಎಳೆತವನ್ನು ಕಣ್ಣಾರೆ ನೋಡುವ ದಾರಿಯೂ ಇದೆ. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿಟ್ಟು, ಅದರ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಹಿಡಿದು, ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ನೋಡಬೇಕು. ನಾನು ಹೊಸ ವಿಂಡ್‌ಶೀಲ್ಡ್ ತಂದಾಗ ಕೂರಿಸುವ ಮೊದಲು ಹೀಗೆ ನೋಡಿದೆ. ಬರಿಗಣ್ಣಿಗೆ ನೀರಿನಂತೆ ತಿಳಿಯಾಗಿದ್ದ ಹಾಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹರಡಿದ್ದವು. ನಡುವೆ ಅಗಲವಾಗಿ, ಅಲಸವಾಗಿ. ಸ್ಕ್ರೂ ತೂತುಗಳ ಸುತ್ತ ಮಾತ್ರ ಬಣ್ಣದ ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡು, ಕೊಳಕ್ಕೆ ಕಲ್ಲೆಸೆದಾಗ ಏಳುವ ಬಳೆಗಳ ಹಾಗೆ. ಹಳೆಯದರ ಬಿರುಕುಗಳು ಆ ತೂತಿನವರೆಗೂ ಏಕೆ ಹೋದವು ಎಂದು ಮತ್ತೆ ಯಾರೂ ನನಗೆ ಹೇಳಬೇಕಾಗಲಿಲ್ಲ.

ಹೊಸದು ಅಕ್ರಿಲಿಕ್ಕಿನದಲ್ಲ. ಅದರ ಕೆಳಅಂಚಿನಲ್ಲಿ, ಹೆಡ್‌ಲೈಟಿನ ಹಿಂದೆ ಮರೆಯಾಗುವ ಜಾಗದಲ್ಲಿ, ಅಚ್ಚಿನಲ್ಲೇ ಮೂಡಿಸಿದ ಎರಡು ಪುಟ್ಟ ಇಂಗ್ಲಿಷ್ ಅಕ್ಷರಗಳಿವೆ: ಪಿ, ಸಿ. ಪಾಲಿಕಾರ್ಬೊನೇಟ್ ಎಂದು ಅರ್ಥ. ಪ್ಲಾಸ್ಟಿಕ್ ಭಾಗಗಳ ಮೇಲೆ ಯಾವ ಪ್ಲಾಸ್ಟಿಕ್ ಎಂದು ಹೀಗೆ ಗುರುತು ಹಾಕುವುದು ಅಂತರರಾಷ್ಟ್ರೀಯ ಪದ್ಧತಿ. ನಿಮ್ಮ ಬೈಕಿನಲ್ಲಿಯೂ ಹುಡುಕಿ ನೋಡಿ. ಏನನ್ನಾದರೂ ಹಚ್ಚುವ ಮೊದಲು ಆ ಎರಡು ಅಕ್ಷರ ಓದಿಕೊಳ್ಳುವುದು ಬಲು ದೊಡ್ಡ ಉಪಕಾರ.

ಪಾಲಿಕಾರ್ಬೊನೇಟನ್ನು 1953ರಲ್ಲಿ ಜರ್ಮನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದಲ್ಲಿ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ತಿಳಿಯದೆ ಕಂಡುಹಿಡಿದರು. ಸಿ.ಡಿ.ಗಳನ್ನು ಮಾಡಿದ್ದು ಇದರಿಂದ. ಹೆಲ್ಮೆಟ್ಟಿನ ಮುಂದಿನ ವೈಸರ್, ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳಲ್ಲಿ ಹಲವು, ಚಂದ್ರನಿಗೆ ಹೋದ ಅಪೊಲೊ ಯಾತ್ರಿಗಳ ತಲೆಯ ಗುಳ್ಳೆ, ಎಲ್ಲವೂ ಇದರದ್ದೇ. ಸುತ್ತಿಗೆಯಲ್ಲಿ ಹೊಡೆದರೂ ಸುಲಭಕ್ಕೆ ಒಡೆಯದ ಈ ಗಟ್ಟಿಗನಿಗೆ ಎರಡು ದೌರ್ಬಲ್ಯಗಳಿವೆ. ಬೇಗ ಗೀರು ಬೀಳುತ್ತದೆ, ಹಾಗಾಗಿ ಮೇಲೆ ಕೂದಲಿಗಿಂತ ತೆಳುವಾದ ಒಂದು ಗಡಸು ಲೇಪನ ಕೊಟ್ಟಿರುತ್ತಾರೆ. ಎರಡನೆಯದು, ಅಸಿಟೋನ್, ಥಿನ್ನರ್, ಪೆಟ್ರೋಲ್ ಕಂಡರೆ ಆಗುವುದಿಲ್ಲ. ಉಗುರುಬಣ್ಣ ಅಳಿಸುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಅದರಲ್ಲಿ ಹೆಲ್ಮೆಟ್ಟಿನ ವೈಸರ್ ಒರೆಸಿ ಬೆಳ್ಳಗೆ ಮಾಡಿಕೊಂಡವರನ್ನು ನಾನೇ ಬಲ್ಲೆ. ಗ್ಯಾರೇಜುಗಳಲ್ಲಿ ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಬೈಕು ಪೂರ್ತಿ ಒರೆಸಿಬಿಡುವ ಅಭ್ಯಾಸವಿದೆ. ಒರೆಸುವವರಿಗೆ ಪ್ರೀತಿಯಿಂದಲೇ ಹೇಳಿ ವಿಂಡ್‌ಶೀಲ್ಡನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಕಿಟಕಿ ಗಾಜಿಗೆಂದು ಮಾರುವ ಅಮೋನಿಯಾ ಬೆರೆತ ನೀಲಿ ದ್ರವವೂ ಇದಕ್ಕೆ ಸಲ್ಲದು.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ. ಪೇಂಟರ್ ಅಣ್ಣ ವಿಂಡ್‌ಶೀಲ್ಡಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಏನು ಏನೆಂದು ವಿಂಗಡಿಸಿ ಹೇಳಿದರು. ಕೆನೆ ಹನಿಗಳು ನೀರಿನ ಬಣ್ಣ, ರೋಲರಿನಿಂದ ಸಿಡಿದದ್ದು. ಹಸಿರು ಚುಕ್ಕೆ ಆಯಿಲ್ ಪೇಂಟು, ಗಾಳಿಯಲ್ಲಿ ಹಾರಿ ಬರುವಾಗಲೇ ಅರ್ಧ ಒಣಗಿ ಬಿದ್ದದ್ದು. "ಅರ್ಧ ಒಣಗಿದ್ದು ಗಟ್ಟಿಯಾಗಿ ಹಿಡಿಯುವುದಿಲ್ಲ ಮೇಷ್ಟ್ರೇ, ಮೇಲೆ ಕೂತಿರುತ್ತದೆ ಅಷ್ಟೆ. ಆ ಗೆರೆ ಮಾತ್ರ ಹಸಿಯಾಗಿ ಬಿದ್ದದ್ದು." ಆ ಗೆರೆ ಬಿದ್ದದ್ದು ಹುಡುಗ ಬ್ರಷ್ ಕೊಡವಿದಾಗ. ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ ನೆನೆಸಿ ತೆಗೆಯಿರಿ, ನಾಳೆಯೊಳಗೆ ಮುಗಿಸಿರಿ, ವಾರ ಬಿಟ್ಟರೆ ನಾನೂ ತೆಗೆಯಲಾರೆ ಎಂದರು.

ಆಯಿಲ್ ಪೇಂಟ್ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ. ಅದರೊಳಗಿನ ಟರ್ಪೆಂಟೈನ್ ಕೆಲವು ಗಂಟೆಗಳಲ್ಲಿ ಆರಿಹೋಗುತ್ತದೆ, ಮುಟ್ಟಿದರೆ ಅಂಟುವುದಿಲ್ಲ. ಆದರೆ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಂಟು ಹಾಕಿಕೊಳ್ಳುವ ಕೆಲಸ ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತಲೇ ಇರುತ್ತದೆ. ಗಂಟು ಪೂರ್ತಿ ಬಿದ್ದ ಮೇಲೆ ಸೀಮೆಎಣ್ಣೆಗೆ ಅದು ಬಗ್ಗುವುದಿಲ್ಲ. ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ, ಹಾರ್ಡನರ್ ಬೆರೆಸಿದ ಬಣ್ಣವಾದರೆ ಈ ಅವಕಾಶವೂ ಇರುವುದಿಲ್ಲ. ಅದು ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ. ನನ್ನ ಪುಣ್ಯಕ್ಕೆ ಇದು ಗೇಟಿನ ಬಣ್ಣವಾಗಿತ್ತು.

ಹಗಲಿರುವಾಗಲೇ ಘಟ್ಟ ಇಳಿದೆ. ಈಗಿನ ವಿಂಡ್‌ಶೀಲ್ಡ್ ಗಿಡ್ಡದು, ಅದರ ಮೇಲಂಚು ನನ್ನ ಮೂಗಿನ ಮಟ್ಟಕ್ಕೆ ಬರುತ್ತದೆ. ದೂರದ ರಸ್ತೆಯನ್ನು ಅದರ ಮೇಲಿನಿಂದಲೇ ನೋಡಬೇಕು ಎಂಬುದು ಹಳೆಯ ಅನುಭವ ಕಲಿಸಿದ ಪಾಠ. ಆದರೂ ಹತ್ತಿರದ ಗುಂಡಿ, ಜಲ್ಲಿ, ರಸ್ತೆಗೆ ಬಿದ್ದ ಎಲೆಯ ರಾಶಿ ಎಲ್ಲ ಅದರ ಮೂಲಕವೇ ಕಾಣಬೇಕು. ಅಂದು ಎಲ್ಲದಕ್ಕೂ ಹಸಿರು ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ತಿರುವಿನ ಕಟ್ಟೆಯ ಮೇಲೆ ಕೂತ ಮಂಗಗಳ ಮುಖದಲ್ಲೂ.

ಭಾನುವಾರ ಬೆಳಿಗ್ಗೆ ಅಮ್ಮ ಅಟ್ಟದಿಂದ ಒಂದು ಬಾಟಲಿ ಇಳಿಸಿ ಕೊಟ್ಟರು. ಕಾಲು ಬಾಟಲಿಯಷ್ಟು ಸೀಮೆಎಣ್ಣೆ, ಡಿಪೋದಿಂದ ತರುತ್ತಿದ್ದ ಕಾಲದ್ದು. ಈಗ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತುವಲ್ಲ. ಜೊತೆಗೆ ಅಪ್ಪನ ಹಳೆಯ ಮಲ್ಲಿನ ಪಂಚೆಯ ತುಂಡು. ನೂರಾರು ಒಗೆತ ಕಂಡು ಬಾಳೆಯ ಸುಳಿಯಷ್ಟು ಮೆತ್ತಗಾಗಿತ್ತು.

ಮೊದಲು ನಾಲ್ಕೂ ಸ್ಕ್ರೂ ಬಿಚ್ಚಿ, ರಬ್ಬರ್ ಬಿಲ್ಲೆಗಳನ್ನು ತಟ್ಟೆಯಲ್ಲಿ ತೆಗೆದಿಟ್ಟು, ವಿಂಡ್‌ಶೀಲ್ಡನ್ನು ಬೈಕಿನಿಂದ ಬೇರೆ ಮಾಡಿದೆ. ಬಿಗಿತ ಹೋದರೆ ಅರ್ಧ ಭಯ ಹೋದ ಹಾಗೆ. ಜಗಲಿಯ ಮೇಲೆ ಕಂಬಳಿ ಮಡಚಿ ಹಾಸಿ ಅದರ ಮೇಲೆ ಮಲಗಿಸಿದೆ. ತಂಬಿಗೆ ತಂಬಿಗೆ ನೀರು ಸುರಿದು, ಸೋಪಿನ ನೀರು ಹಾಕಿ ಬರಿಯ ಅಂಗೈಯಿಂದ ತೊಳೆದೆ. ಬಟ್ಟೆಯನ್ನು ಇನ್ನೂ ಮುಟ್ಟಿಸಲಿಲ್ಲ. ಬಟ್ಟೆಯ ಎಳೆಯಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೆ ನಮಗೆ ಗೊತ್ತೇ ಆಗುವುದಿಲ್ಲ, ಅಂಗೈಗಾದರೆ ತಕ್ಷಣ ಚುಚ್ಚಿ ಹೇಳುತ್ತದೆ. ಧೂಳು ಕೂತ ವಿಂಡ್‌ಶೀಲ್ಡನ್ನು ಒಣ ಬಟ್ಟೆಯಲ್ಲಿ ಒರೆಸುವುದೇ ಗೀರುಗಳ ಮೂಲ. ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು ಪ್ಲಾಸ್ಟಿಕ್ಕಿಗಿಂತ ಎಷ್ಟೋ ಗಡಸು.

ಆಮೇಲೆ ಪಂಚೆಯ ತುಂಡನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿ ಮೇಲೆ ಹೊದಿಸಿ ಬಿಟ್ಟೆ. ಬಿಸಿ ನೀರಲ್ಲ, ಮಗುವಿಗೆ ಹಾಕುವಷ್ಟು ಬೆಚ್ಚಗಿನದು. ಅದು ತನ್ನ ಕೆಲಸ ಮಾಡುವಷ್ಟರಲ್ಲಿ ನಾನೂ ಅಮ್ಮನೂ ನೀರ್ದೋಸೆ ತಿಂದು ಮುಗಿಸಿದೆವು. ಬಂದು ಬಟ್ಟೆ ಎತ್ತಿದಾಗ ಕೆನೆ ಹನಿಗಳು ಅಂಚಿನಲ್ಲಿ ಸುಕ್ಕುಗಟ್ಟಿ ಎದ್ದಿದ್ದವು. ಉಗುರಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮೆಲ್ಲನೆ ತಳ್ಳಿದರೆ ಒಂದೊಂದೂ ಸಿಪ್ಪೆಯ ಹಾಗೆ ಪೂರ್ತಿಯಾಗಿ ಕಳಚಿ ಬಂತು. ಇಪ್ಪತ್ತಕ್ಕಿಂತ ಹೆಚ್ಚಿದ್ದವು. ಕಾಲು ಗಂಟೆಯಲ್ಲಿ ಒಂದೂ ಉಳಿಯಲಿಲ್ಲ.

ಹಸಿರಿನ ಸರದಿ ಬಂದಾಗ ಕೈ ತಾನಾಗಿ ನಿಧಾನವಾಯಿತು. ಸೀಮೆಎಣ್ಣೆಯನ್ನು ಮೊದಲು ಆ ಎರಡು ಅಕ್ಷರಗಳ ಪಕ್ಕ, ಮರೆಯಾಗುವ ಮೂಲೆಯಲ್ಲಿ ಒಂದು ಬೊಟ್ಟು ಇಟ್ಟು ಹತ್ತು ನಿಮಿಷ ಕಾದೆ. ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಮಬ್ಬಿಲ್ಲ, ಅಂಟಿಲ್ಲ. ಎಂಟು ವರ್ಷದ ಹಿಂದೆ ಈ ಹತ್ತು ನಿಮಿಷವನ್ನು ನಾನು ಕೊಟ್ಟಿರಲಿಲ್ಲ.

ಗೆರೆಯ ಉದ್ದಕ್ಕೆ ಒಂದು ಬತ್ತಿಯ ಹಾಗೆ ಬಟ್ಟೆ ಹೊಸೆದು, ಸೀಮೆಎಣ್ಣೆಯಲ್ಲಿ ನೆನೆಸಿ, ಅದರ ಮೇಲಷ್ಟೇ ಕೂರುವಂತೆ ಇಟ್ಟೆ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಿದ್ದೆ. ಮೊದಲ ಸಲ ಬತ್ತಿಗೆ ಹಸಿರಿನ ನೆರಳಷ್ಟೇ ಬಂದಿತ್ತು. ಎರಡನೆಯ ಸಲ ಗೆರೆಯ ಹೊಳಪು ಹೋಗಿತ್ತು. ಮೂರನೆಯ ಸಲ ಉಗುರಿನಿಂದ ತುದಿಯನ್ನು ಒತ್ತಿದಾಗ ಮೇಣದಂತೆ ತಗ್ಗಿತು. ಅಲ್ಲಿಂದ ಮೇಲಕ್ಕೆ, ಒಂದೇ ದಿಕ್ಕಿಗೆ, ಉಗುರಿನ ಬೆನ್ನಿನಿಂದ ಹೊರಳಿಸುತ್ತ ಹೋದೆ. ಹಸಿರು ಸುರುಳಿ ಸುತ್ತಿಕೊಳ್ಳುತ್ತ ಎದ್ದು ಬಂತು, ನಡುವೆ ಒಂದು ಕಡೆ ಹರಿದು ಮತ್ತೆ ಬತ್ತಿ ಇಡಬೇಕಾಯಿತು. ಬ್ಲೇಡು ಹಿಡಿದಿದ್ದರೆ ಅರ್ಧ ನಿಮಿಷದ ಕೆಲಸ. ಮೇಲಿನ ಗಡಸು ಲೇಪನವನ್ನೂ ಜೊತೆಗೆ ಎತ್ತಿಕೊಂಡು ಬರುತ್ತಿತ್ತು.

ಚುಕ್ಕೆಗಳಿಗೆ ಬಟ್ಟೆಯನ್ನು ಅದ್ದಿ ಹಿಂಡಿ, ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯುತ್ತ ಹೋದೆ. ಸುತ್ತ ಸುತ್ತ ತಿರುಗಿಸಿ ಉಜ್ಜುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಒಂದು ವೇಳೆ ಗೀರಾದರೂ ನೇರ ಗೀರು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ, ಸುತ್ತುಗೀರು ಎಲ್ಲ ದಿಕ್ಕಿನ ದೀಪವನ್ನೂ ಹಿಡಿದು ಮಿಂಚುತ್ತದೆ. ಬಟ್ಟೆಯ ಮಡಿಕೆಯನ್ನು ಪ್ರತಿ ಎಳೆತಕ್ಕೂ ಬದಲಿಸಿದೆ. ಸ್ವಲ್ಪ ಭಾಗ ಮುಗಿದ ಹಾಗೆಲ್ಲ ಸೋಪು ನೀರಿನಿಂದ ತೊಳೆದು ಎಣ್ಣೆಯ ಅಂಶ ತೆಗೆದೆ, ಹಿತವಾದದ್ದೆಂದು ಸೀಮೆಎಣ್ಣೆಯನ್ನು ಅಲ್ಲೇ ಬಿಡುವಂತಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮುಕ್ಕಾಲು ಪಾಲು ತಿಳಿಯಾಯಿತು. ಮೇಲಿನ ಎಡಮೂಲೆಯ ಚುಕ್ಕೆಗಳು ಮಾತ್ರ ಜಗ್ಗಲಿಲ್ಲ.

ಇಲ್ಲಿ ಮನಸ್ಸು ಜಾರುವ ಜಾಗ ಬರುತ್ತದೆ. ಇಷ್ಟು ಹೋಗಿದೆ, ಇಷ್ಟಕ್ಕೆ ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಆಯಿತಲ್ಲ ಎನಿಸುತ್ತದೆ. ಮಂಕಾದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಹಚ್ಚಿ, ನುಣುಪು ಎಮರಿ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ ಹೊಳಪು ತರಿಸುವುದನ್ನು ಎಲ್ಲರೂ ನೋಡಿದ್ದಾರೆ. ಹೊಳಪು ಬರುವುದು ನಿಜ. ಅದು ಬರುವುದು ಗಡಸು ಲೇಪನವನ್ನು ಸವೆಸಿ. ಆಮೇಲೆ ಬಿಸಿಲಿನ ಹೊಡೆತಕ್ಕೂ ಧೂಳಿನ ಗೀರಿಗೂ ತಡೆಯಿರುವುದಿಲ್ಲ, ಹಳದಿಗಟ್ಟುವುದು ಶುರುವಾಗುತ್ತದೆ. ಆಗಲೇ ಗೀರುಬಿದ್ದು ಕೆಟ್ಟದ್ದಕ್ಕೆ ಕೊನೆಯ ಮದ್ದಾಗಿ ಅದು ಸರಿ. ಮೇಲೆ ಕೂತ ಬಣ್ಣಕ್ಕೆ ಅದರ ಅಗತ್ಯವಿಲ್ಲ. ನಾನು ಅಲ್ಲಿಗೇ ನಿಲ್ಲಿಸಿ, ವಿಂಡ್‌ಶೀಲ್ಡನ್ನು ಅಮ್ಮನ ಮನೆಯಲ್ಲೇ ಬಿಟ್ಟು ಬಂದೆ.

ಆ ವಾರ ಶಿವಮೊಗ್ಗಕ್ಕೆ ಹೋದ ಸಹೋದ್ಯೋಗಿಯ ಕೈಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಯಿಂದ ಕ್ಲೇ ಬಾರ್ ತರಿಸಿ, ಮುಂದಿನ ಭಾನುವಾರ ಅಮ್ಮನ ಮನೆಗೆ ಒಯ್ದೆ. ಮಕ್ಕಳು ಆಡುವ ಬಣ್ಣದ ಜೇಡಿಯಂಥದ್ದೇ, ಸ್ವಲ್ಪ ಗಟ್ಟಿ. ಸೋಪು ನೀರು ಧಾರಾಳವಾಗಿ ಸುರಿದು ಅದನ್ನು ಚಪ್ಪಟೆ ಮಾಡಿ ಮೆಲ್ಲಗೆ ಜಾರಿಸಿದರೆ ಮೇಲೆ ಕೂತ ಕಣಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ಶುರುವಿನಲ್ಲಿ ಸರಸರ ಸದ್ದು. ಹತ್ತಾರು ಸಲ ಆಡಿಸಿದ ಮೇಲೆ ಸದ್ದು ಅಡಗಿ ಕೈ ಎಣ್ಣೆಯ ಮೇಲೆ ಜಾರಿದಂತಾಯಿತು. ಜೇಡಿ ತಿರುಗಿಸಿ ನೋಡಿದರೆ ಒಳಗೆ ಹಸಿರು ಚುಕ್ಕೆ, ಗಸಗಸೆ ಒತ್ತಿದ ಹಾಗೆ.

ಒಣಗಿದ ಮೇಲೆ ವಿಂಡ್‌ಶೀಲ್ಡನ್ನು ಜಗಲಿಯ ಅಂಚಿಗೆ ತಂದು, ಅಂಗಳದ ಬೆಳಕಿಗೆ ಎತ್ತಿ ಹಿಡಿದೆ. ಅಡಿಕೆ ಮರಗಳ ಸಾಲು, ಒಣಹಾಕಿದ ಬಟ್ಟೆ, ಬಾವಿಯ ರಾಟೆ ಎಲ್ಲ ಇದ್ದ ಹಾಗೆ ಕಂಡವು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತರು. ಕನ್ನಡಕ ಹಾಕಿಕೊಂಡಿರಲಿಲ್ಲ, ದೂರದ್ದಕ್ಕೆ ಅವರಿಗೆ ಅದು ಬೇಕಾಗುವುದಿಲ್ಲ. ಸ್ವಲ್ಪ ಹೊತ್ತು ಅದರ ಮೂಲಕ ತೋಟ ನೋಡಿ, ಕೈ ಚಾಚಿ ಬಲಗಡೆಯ ಸ್ಕ್ರೂ ತೂತಿನ ಹತ್ತಿರ ಬೆರಳಿಟ್ಟರು.

"ಇಲ್ಲೊಂದು ಉಳಿದಿದೆ."

ನನಗೆ ಕಂಡಿರಲಿಲ್ಲ. ಬಗ್ಗಿ ನೋಡಿದೆ, ಇತ್ತು. ಒಂದೇ ಹಸಿರು ಚುಕ್ಕೆ, ಬಣ್ಣದ ಬಳೆಗಳು ಒತ್ತಿಕೊಂಡಿದ್ದ ಅದೇ ಜಾಗದಲ್ಲಿ. ಅಮ್ಮ ಪಂಚೆಯ ತುಂಡು ನನ್ನ ಕೈಗಿಟ್ಟರು. ನಾನು ಅದನ್ನು ಮಡಚಿ ಇಟ್ಟು, ತಟ್ಟೆಯಿಂದ ರಬ್ಬರ್ ಬಿಲ್ಲೆಗಳನ್ನು ಆರಿಸಿಕೊಂಡೆ. ಚುಕ್ಕೆ ಅಲ್ಲೇ ಇದೆ. ಸ್ಕ್ರೂಗಳನ್ನು ಬೆರಳಿಗೆ ತಡೆ ಸಿಗುವಷ್ಟು ಮಾತ್ರ ತಿರುಗಿಸಿ ಬಿಟ್ಟೆ. ಅಂದು ಹೊರಡುವಾಗ ಕತ್ತಲಾಗಿತ್ತು. ಸೂರ್ಯಾಸ್ತ ನೋಡುವ ಜಾಗದ ಕೆಳಗಿನ ತಿರುವಿನಲ್ಲಿ ಮಿನಿ ಬಸ್ಸು ಎದುರಾಯಿತು. ಅದರದ್ದು ಎರಡು ದೀಪ, ನನಗೆ ಕಂಡದ್ದೂ ಎರಡು.